ಎಂಟು ಸೆಂಟು ಮಳೆ ಎಂಬತ್ತಾದ ಕಥೆ

ಚಾರ್ಮಾಡಿಯಿಂದ ಕಳಸದವರೆಗೆ ಮಳೆ ಬೀಳಬೇಕಾದರೆ ಮೊದಲು ನನ್ನ ಒಪ್ಪಿಗೆ ಕೇಳುತ್ತದೆ. ಈ ಸಲ ಮಾತ್ರ ಕೇಳದೆ ಬಿತ್ತು, ಅದಕ್ಕೇ ಇಷ್ಟೆಲ್ಲ ಆಯಿತು.

ಆವತ್ತು ನಾನು ಕಳಸದಲ್ಲಿದ್ದೆ. ತಂಗಿಯ ಮಗಳ ನಿಶ್ಚಿತಾರ್ಥ. ಹೋಳಿಗೆ ಊಟ ಮುಗಿಸಿ ಫೋನ್ ತೆಗೆದರೆ, ಮಳೆ ಲೆಕ್ಕದ ಆ್ಯಪ್‌ನಲ್ಲಿ ನಮ್ಮ ಜಾವಳಿ ತೋಟದ ಮುಂದೆ ಒಂದೂವರೆ ಇಂಚು ಅಂತ ಇದೆ! ಎರಡು ದಿನದ್ದು ಸೇರಿ.

ರೊಬಸ್ಟಾ ಕಾಫಿಯ ಮೊಗ್ಗು ಅರಳುವುದಕ್ಕೆ ಬೇಸಿಗೆಯ ಆ ಹೊತ್ತಿಗೆ ಒಂದಿಂಚಾದರೂ ಮಳೆ ಬೇಕು. ಬೀಳದಿದ್ದರೆ ಹಳ್ಳದಿಂದ ನೀರೆತ್ತಿ ಸ್ಪ್ರಿಂಕ್ಲರ್ ಹಾಕಬೇಕು. ಮೊಗ್ಗು ಯಾರಿಗೂ ಕಾಯುವುದಿಲ್ಲ.

ಸ್ಪ್ರಿಂಕ್ಲರ್ ಪೈಪು ನನಗೂ ಪಕ್ಕದ ತೋಟದ ಮಂಜಣ್ಣನಿಗೂ ಜಂಟಿ. ಯಾರಿಗೆ ಮಳೆ ಕಡಿಮೆಯೋ ಅವರಿಗೆ ಪೈಪು ಮೊದಲು. ಇಬ್ಬರ ಮನೆಯಲ್ಲೂ ಬಿದ್ದ ಮಳೆ ಅಳೆದು ಆ್ಯಪ್‌ಗೆ ಹಾಕುತ್ತಾರೆ, ಅದನ್ನು ನೋಡಿಯೇ ತೀರ್ಮಾನ ಮಾಡುವುದು.

ನಿಶ್ಚಿತಾರ್ಥದ ಮನೆಯ ಜಗಲಿಯಲ್ಲಿ ನಿಂತು, ಹತ್ತು ಜನಕ್ಕೆ ಕೇಳುವ ಹಾಗೆ ಮಂಜಣ್ಣನಿಗೆ ಫೋನ್ ಮಾಡಿದೆ. "ನಂಗೆ ಒಂದೂವರೆ ಇಂಚು ಹೊಡ್ದಿದೆ ಮಾರಾಯ, ಪೈಪು ನೀನೇ ತಗೊಂಡು ಹೋಗು!"

ಮರುದಿನ ಮನೆಗೆ ಬಂದು ತೋಟಕ್ಕಿಳಿದು ಕಾಲಲ್ಲಿ ಕೆದಕುತ್ತೇನೆ... ಧೂಳು.

ನಮ್ಮ ಮನೆಯವಳು ಶಾರದಾ ಮಳೆ ಪುಸ್ತಕ ತಂದು ಮುಖದ ಮುಂದೆ ಹಿಡಿದಳು. ಮೊದಲ ದಿನ ಎಂಟು ಸೆಂಟು, ಎರಡನೇ ದಿನ ಏಳು. ನಮ್ಮಲ್ಲಿ ನೂರು ಸೆಂಟಿಗೆ ಒಂದಿಂಚು. ಅಂದರೆ ಬಿದ್ದದ್ದು ಒಟ್ಟು ಹದಿನೈದು ಸೆಂಟು. ಎಲೆ ತೊಳೆಯುವುದಕ್ಕೂ ಸಾಲದು.

"ಪೈಪ್ ಹೊತ್ಕೊಂಡು ಹೋಗೋವಾಗ, ನಮಗೆ ಮಳೆನೇ ಆಗಿಲ್ಲ ಅಂತ ಮಂಜಣ್ಣಂಗೆ ಹೇಳ್ದೆ. ಗೌಡ್ರೇ ಫೋನ್ ಮಾಡಿದ್ರಲ್ಲ ಅಂದ್ರು. ನಿಮಗೂ ಮಾಡ್ದೆ. ಗೌಡ್ರು ಹೋಳಿಗೆ ಬಿಟ್ಟು ಫೋನ್ ಎತ್ತಿದ್ರೆ ತಾನೇ?"

ಮಂಜಣ್ಣ ಆಗಲೇ ಪೈಪು ಜೋಡಿಸಿ ಪಂಪ್ ಶುರು ಮಾಡಿದ್ದ. ಹತ್ತು ಜನರೆದುರು ಕೊಟ್ಟದ್ದನ್ನು ವಾಪಸ್ ಕೇಳಲು ನನಗೆ ಬಾಯಿ ಬರಲಿಲ್ಲ.

ಎಂಟು ದಿನ ಸುಮ್ಮನಿದ್ದೆ. ಕೆಳಗಿನ ತೋಟದ ಮೊಗ್ಗು ಅರ್ಧ ಉಬ್ಬಿ, ಬಿಸಿಲಿಗೆ ಕಂದಿ ಹೋಯಿತು. ಮೇಲಿನ ತೋಟದ ಮೊಗ್ಗು ತಡ, ಅದೊಂದು ಉಳಿದಿತ್ತು.

ಸಿಟ್ಟೆಲ್ಲ ಆ್ಯಪ್ ಮೇಲೆ. ಒಂದೇ ಸ್ಟಾರ್ ಕೊಟ್ಟು "ದರಿದ್ರ ಆ್ಯಪ್" ಅಂತ ಬರೆದೆ. ಬೆಳೆಗಾರರ ವಾಟ್ಸಾಪ್ ಗ್ರೂಪಿನಲ್ಲಿ ಅರ್ಧ ಗಂಟೆ ಬೈದೆ. "ನಮಗೂ ಹಂಗೇ ಆಗಿದೆ" ಅಂತ ಆರು ಜನ ಬಂದರು. ಒಬ್ಬರು ಕೈ ಮುಗಿಯುವ ಚಿತ್ರ ಹಾಕಿದರು. ಅಲ್ಲಿಗೆ ಮುಗಿಯಿತು.

ಕೊನೆಗೆ ಕೊಟ್ಟಿಗೆಹಾರದಲ್ಲಿ ಫೋನ್ ರಿಪೇರಿ ಮಾಡುವ ರಫೀಕ್ ಹತ್ತಿರ ಹೋದೆ. ಈ ಆ್ಯಪ್ ಹಾಕಿಕೊಟ್ಟವನೇ ಅವನು.

"ಯಾವ ಕಂಪನಿ ಇದು? ಮ್ಯಾನೇಜರ್ ನಂಬರ್ ಕೊಡು!"

"ಕಂಪನಿ ಇಲ್ಲ ಗೌಡ್ರೇ. ಇದು ಓಪನ್ ಸೋರ್ಸ್. ಯಾರೋ ನಾಕು ಜನ ಬಿಡುವಿನಲ್ಲಿ ಮಾಡಿ ಪುಕ್ಕಟೆ ಕೊಟ್ಟಿರೋದು. ಒಳಗಿರೋ ಕೋಡ್ ಬೇಕಾದವ್ರು ನೋಡಬಹುದು. ತಪ್ಪಿದ್ರೆ ಹೇಳೋಕೆ ಒಂದು ಜಾಗ ಇಟ್ಟಿದಾರೆ. ನೀವು ಅದೊಂದು ಬಿಟ್ಟು ಎಲ್ಲಾ ಕಡೆ ಹೇಳಿದೀರಿ."

ಸೆಟ್ಟಿಂಗ್ಸ್ ಒಳಗೆ ಅಬೌಟ್, ಅದರೊಳಗೆ ರಿಪೋರ್ಟ್ ಅಂತ ಒತ್ತಿದ. ಒಂದು ಪುಟ ತೆರೆಯಿತು. ಬೇರೆಯವರು ಹೇಳಿದ ತಪ್ಪುಗಳ ಪಟ್ಟಿ. ನಮ್ಮದು ಅದರಲ್ಲಿ ಆಗಲೇ ಇದೆಯೇ ಅಂತ ಮೊದಲು ಹುಡುಕಿದ. ಇರಲಿಲ್ಲ. ಗ್ರೂಪಿನ ಆ ಆರು ಜನರಲ್ಲಿ ಒಬ್ಬರೂ ಇಲ್ಲಿಗೆ ಬಂದಿಲ್ಲ!

ನಾನು ಬರೆದೆ: "ನಿಮ್ಮ ಆ್ಯಪ್‌ನಿಂದ ನನ್ನ ತೋಟ ಹಾಳಾಯಿತು. ತಕ್ಷಣ ಸರಿಪಡಿಸಿ." ರಫೀಕ್ ಓದಿ, ಅಷ್ಟನ್ನೂ ಅಳಿಸಿದ.

"ನೀವು ಫೋನ್ ತಂದು 'ಕೆಟ್ಟಿದೆ' ಅಂತ ಬಿಸಾಕಿ ಹೋದ್ರೆ ನಂಗೇನು ಗೊತ್ತಾಗತ್ತೆ? ಏನು ಒತ್ತಿದ್ರಿ, ಏನು ಬಂತು, ಏನು ಬರಬೇಕಿತ್ತು. ಅಷ್ಟು ಬರೀರಿ. ಕನ್ನಡದಲ್ಲೇ ಬರೀರಿ, ಕೆಳಗೆ ಇಂಗ್ಲಿಷ್ ನಾನು ಹಾಕ್ತೀನಿ."

ಏನು ಒತ್ತಿದ್ದು ಅಂತ ನನಗೇನು ಗೊತ್ತು? ದಿನಾ ಲೆಕ್ಕ ಹಾಕುವವಳು ಶಾರದಾ. ಫೋನ್ ಮಾಡಿದೆ.

"ಸೊನ್ನೆ, ಚುಕ್ಕಿ, ಎಂಟು. ಪುಸ್ತಕದಲ್ಲಿ ಸೊನ್ನೆ, ಗೀಟು, ಎಂಟು ಅಂತ ಬರೀತೀವಲ್ಲ, ಹಂಗೇ. ಅದರಲ್ಲಿ ಗೀಟು ಇಲ್ಲ, ಚುಕ್ಕಿ ಹಾಕ್ದೆ. ತಪ್ಪಾ?"

ನಮ್ಮ ಪುಸ್ತಕದಲ್ಲಿ ಗೀಟಿನ ಎಡಕ್ಕೆ ಇಂಚು, ಬಲಕ್ಕೆ ಸೆಂಟು, ಹಾಗಾಗಿ ಅದು ಎಂಟು ಸೆಂಟು. ಆ್ಯಪ್‌ಗೆ ಅದು ಇಂಚಿನ ಹತ್ತರಲ್ಲಿ ಎಂಟು ಪಾಲು, ಅಂದರೆ ಎಂಬತ್ತು ಸೆಂಟು. ಏಳು ಎಪ್ಪತ್ತಾಯಿತು. ಕೂಡಿದರೆ ಒಂದೂವರೆ ಇಂಚು.

ನಾನು ಮೆಲ್ಲಗೆ ಎದ್ದೆ. "ನಮ್ದೇ ತಪ್ಪಿರ್ಬೇಕು ಬಿಡು, ಮಾರಾಯ."

"ಕೂತ್ಕೊಳ್ಳಿ ಗೌಡ್ರೇ. ಯಾರ ತಪ್ಪು ಅಂತ ಅವ್ರು ನೋಡ್ತಾರೆ. ನಡೆದಿದ್ದು ನಡೆದ ಹಾಗೆ ಬರೀರಿ."

ಬರೆದೆ. ಒಂದು ಬೈಗುಳವೂ ಇಲ್ಲದೆ ನಾನು ಬರೆದ ಮೊದಲ ದೂರು ಅದು. ಆ್ಯಪ್‌ನ ವರ್ಷನ್ ನಂಬರ್, ಸ್ಕ್ರೀನಿನ ಚಿತ್ರ, ಶಾರದಾ ಮನೆಯಿಂದ ಕಳಿಸಿದ ಮಳೆ ಪುಸ್ತಕದ ಒಂದು ಪುಟದ ಫೋಟೋ ಎಲ್ಲ ಸೇರಿಸಿದೆವು.

ಮೂರನೇ ದಿನ ಉತ್ತರ ಬಂತು. ಯಾವ ಊರಿನವರೋ ಒಬ್ಬ ಹೆಣ್ಣುಮಗಳು. "ಮಳೆಯನ್ನು ಹೀಗೆ ಬರೆಯುವ ಪದ್ಧತಿ ಇದೆ ಅಂತ ನಮಗೆ ತಿಳಿದೇ ಇರಲಿಲ್ಲ. ಪುಸ್ತಕದ ಫೋಟೋ ಹಾಕಿದ್ದಕ್ಕೆ ಥ್ಯಾಂಕ್ಸ್." ಮುಂದಿನ ವಾರ ಹೊಸ ವರ್ಷನ್. ಅಂಕಿ ತುಂಬಲು ಇಂಚಿಗೆ ಒಂದು ಮನೆ, ಸೆಂಟಿಗೆ ಒಂದು ಮನೆ.

ಆಮೇಲೆ ಮತ್ತೊಂದು ತುಂತುರು ಬಂತು. ಆ್ಯಪ್‌ನಲ್ಲಿ ಮಂಜಣ್ಣನ ತೋಟಕ್ಕೆ ನಲವತ್ತು ಸೆಂಟು, ನನಗೆ ಒಂಬತ್ತು. ಅವನೇ ಪೈಪು ಹೊತ್ತು ತಂದ. "ಈ ಸಲ ಇಂಚಾ, ಸೆಂಟಾ ಗೌಡ್ರೇ?" ಅಂತ ನಕ್ಕ. ನಗಲಿ.

ಮೇಲಿನ ತೋಟ ಪೂರ್ತಿ ಅರಳಿತು. ಒಂದು ಸ್ಟಾರ್ ಇದ್ದದ್ದನ್ನು ಐದು ಮಾಡಿದೆ.

ಕೆಳಗಿನ ತೋಟದಲ್ಲಿ ಎಷ್ಟು ಹೋಯಿತು ಅಂತ ಕೇಳುತ್ತೀರಿ. ಎರಡು ಚೀಲ. ಸರಿ, ಎರಡಲ್ಲ... ರೂಪಾಯಿ ಲೆಕ್ಕದಲ್ಲಿ ಹೇಳಬೇಕೆಂದರೆ... ಬಿಡಿ. ನಡೆದದ್ದು ನಡೆದ ಹಾಗೆ ಬರೆಯಬೇಕು ಅನ್ನುವ ನಿಯಮ ಆ ಪುಟಕ್ಕೆ, ಇಲ್ಲಿಗಲ್ಲ.

ನೀವು ಗ್ರೂಪಿನಲ್ಲಿ ಬೈದು ಸುಮ್ಮನಾದ ಆ್ಯಪ್ ಯಾವುದು? ಅದನ್ನು ಮಾಡಿದವರಿಗೆ ಒಂದು ಮಾತು ಹೇಳಿದ್ದೀರಾ?