ಸರಿಯಾದ ರೀಡಿಂಗ್ ಬರುವವರೆಗೆ

ಕಳೆದ ವರ್ಷ ಆಗಸ್ಟ್ ಮೊದಲ ವಾರ, ಬೀದರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ, ನನ್ನ ಅಕ್ಕ ಶಾಂತಾಳ ಕಿಡ್ನಿಗಳು ಮುಕ್ಕಾಲು ಪಾಲು ಕೆಲಸ ನಿಲ್ಲಿಸಿವೆ ಎಂದು ಡಾಕ್ಟರು ಹೇಳಿದರು. ರಕ್ತದಲ್ಲಿ ಒಂದರ ಆಸುಪಾಸಿನಲ್ಲಿರಬೇಕಾದ ಕ್ರಿಯಾಟಿನಿನ್ 2.4 ಇತ್ತು; ಕಿಡ್ನಿ ಕೆಟ್ಟಷ್ಟೂ ಅದು ಏರುತ್ತದೆ. ಬಿ.ಪಿ. 180/104. ಅವಳು ಹೋಗಿದ್ದು ಕಾಲು ಬಾತಿದೆ ಎಂದು. ಚಪ್ಪಲಿ ಬಿಚ್ಚಿದರೂ ಪಟ್ಟಿಯ ಗುರುತು ಸಂಜೆಯವರೆಗೆ ಪಾದದ ಮೇಲೆ ಉಳಿಯುತ್ತಿತ್ತು.

ಬಿ.ಪಿ. ಏರಿದರೆ ಕಿಡ್ನಿ ಕೆಡುತ್ತದೆ, ಕಿಡ್ನಿ ಕೆಟ್ಟಷ್ಟೂ ಬಿ.ಪಿ. ಏರುತ್ತದೆ. ಉಳಿದ ಕಾಲು ಪಾಲನ್ನು ಕಾಪಾಡಿಕೊಳ್ಳಲು ಇದ್ದ ಮುಖ್ಯ ದಾರಿ ಆ ಅಂಕಿಯನ್ನು 130ರ ಆಸುಪಾಸಿಗೆ ಇಳಿಸುವುದು. ಡಾಕ್ಟರು ಗುಳಿಗೆ ಬರೆದರು. ಮನೆಗೊಂದು ಬಿ.ಪಿ. ಮಷಿನ್ ತರಲು ಹೇಳಿದರು. ಬೆಳಿಗ್ಗೆ ಗುಳಿಗೆ ನುಂಗುವ ಮೊದಲು, ಮತ್ತೆ ಸಂಜೆ ನೋಡಬೇಕು. ಅದಕ್ಕೂ ಮೊದಲು ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಮಾತಾಡದೆ ಕೂರಬೇಕು.

ಅಕ್ಕ ಇರುವುದು ಭಾಲ್ಕಿಯಲ್ಲಿ. ಭಾವ ಔರಾದಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು. ಮಷಿನ್ ಅವರ ಕೈಗೆ ಹೋಯಿತು.

ಹದಿನೈದು ದಿನ ಬಿಟ್ಟು ಬೀದರಿಗೆ ಬಂದಾಗ ನಾನೂ ಜೊತೆಗಿದ್ದೆ. ಭಾವ ಮೊಬೈಲಿನಲ್ಲಿದ್ದ ಅಂಕಿಗಳನ್ನು ತೋರಿಸಿದರು. ಒಂದೂ 165ರ ಕೆಳಗಿರಲಿಲ್ಲ. ಡಾಕ್ಟರ ಕೋಣೆಯ ಬಾಗಿಲು ತೆರೆದೇ ಇತ್ತು, ಹೊರಗೆ ಜನ ತುಂಬಿದ್ದರು.

"ಏನ್ ತಿಂತಾರ್ರೀ ಇವರು? ಉಪ್ಪಿನಕಾಯಿ ಭರಣಿಯೊಳಗ ಕೂಡಿಸೀರೇನು?" ಡಾಕ್ಟರು ಕೂಗಿದರು. "ಮಾಸ್ತರ ಅಂತ ಹೇಳ್ಕೋತೀರಿ. ಹೇಳಿದ ಮಾತ ಕೇಳಂಗಿಲ್ಲಂದ್ರ ಇಲ್ಲಿ ಯಾಕ ಬರ್ತೀರಿ?"

ಹೊರಗೆ ಯಾರೋ ನಕ್ಕರು.

ಅಕ್ಕ ಆಗಲೇ ಉಪ್ಪು ಬಿಟ್ಟಿದ್ದಳು. ಅದನ್ನು ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಮುಂದಿನ ಹೆಸರು ಕರೆದರು. ಭಾವ ಬಸ್ ಸ್ಟ್ಯಾಂಡಿನವರೆಗೂ ತಲೆ ಎತ್ತಲಿಲ್ಲ.

ಆಮೇಲೆ ಅಂಕಿಗಳು ಇಳಿದವು. 132, 128, 134. ಆಸ್ಪತ್ರೆಯಲ್ಲಿ ನೋಡಿದಾಗ ಮಾತ್ರ ಏರಿರುತ್ತಿತ್ತು. ಡಾಕ್ಟರು ಈಗ ನಗುತ್ತಿದ್ದರು. "ಶಾಬಾಸ್ ಮಾಸ್ತರ! ಮನ್ಯಾಗ ಛಲೋ ಅದ. ಇಲ್ಲಿ ನನ್ನ ಮಾರಿ ನೋಡಿ ಅಂಜ್ತಾರ, ಅಷ್ಟೇ." ಗುಳಿಗೆ ಹೆಚ್ಚಿಸಲಿಲ್ಲ. ನವೆಂಬರಿನಲ್ಲಿ ಕ್ರಿಯಾಟಿನಿನ್ 3.1 ಆಯಿತು. ಫೆಬ್ರುವರಿಯಲ್ಲಿ 4.6. ರೋಗವೇ ಜೋರಿದೆ ಎಂದರು. ಮನೆಯಲ್ಲಿ ಬಿ.ಪಿ. ಹೇಗೆ ನೋಡುತ್ತೀರಿ ಎಂದು ಆರು ತಿಂಗಳಲ್ಲಿ ಒಮ್ಮೆಯೂ ಕೇಳಲಿಲ್ಲ.

ಆ ರಿಪೋರ್ಟ್ ಬಂದ ವಾರ ನಾನು ರಜೆ ಹಾಕಿ ಭಾಲ್ಕಿಗೆ ಹೋಗಿ ಉಳಿದೆ. ಬೆಳಿಗ್ಗೆ ಭಾವ ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿದರು. ನಿಯಮದಂತೆ ಸುಮ್ಮನೆ ಕಾದರು. ತೋಳಿಗೆ ಪಟ್ಟಿ ಸುತ್ತಿ ಬಟನ್ ಒತ್ತಿದರು.

172.

"ಇದು ಬ್ಯಾಡ," ಎಂದು ಮತ್ತೆ ಒತ್ತಿದರು. 168. ಪಟ್ಟಿ ಬಿಚ್ಚಿ ಇನ್ನೊಂದು ತೋಳಿಗೆ ಸುತ್ತಿದರು. 165. ಅಕ್ಕನನ್ನು ಮಲಗಿಸಿದರು, ಗುಳಿಗೆ ಕೊಟ್ಟರು. ಸ್ನಾನ ಮುಗಿಸಿ ಬಂದು ಮತ್ತೆ ನೋಡಿದರು. ಶಾಲೆಗೆ ಹೊರಡುವ ಹೊತ್ತಿಗೆ 138 ಬಂತು. ಅದನ್ನು ಮೊಬೈಲಿಗೆ ಹಾಕಿಕೊಂಡರು.

"ಭಾವಾ, ಉಳಿದದ್ದು ಯಾಕ ಬರ್ಕೊಳ್ಳಿಲ್ರಿ?"

"ಅವು ತಪ್ಪ ರೀಡಿಂಗ್. ಪ್ರಾಕ್ಟಿಕಲ್‌ದಾಗ ಹುಡುಗ್ರಿಗೂ ಹಿಂಗೇ ಮಾಡಿಸ್ತೇವಿ. ಸರಿ ರೀಡಿಂಗ್ ಬರೋತನಾ ಮತ್ತ ಮತ್ತ ನೋಡಬೇಕು."

"ಸರಿ ರೀಡಿಂಗ್ ಎಷ್ಟಂತ ನಿಮಗ ಯಾರ ಹೇಳ್ಯಾರ?"

"ಡಾಕ್ಟರೇ ಹೇಳ್ಯಾರಲ್ಲ, ನೂರಾ ಮೂವತ್ತ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕೆರಳಿಸಿತು. ಲೋಲಕದ ಪ್ರಯೋಗಕ್ಕೆ ಉತ್ತರ ಪುಸ್ತಕದಲ್ಲಿ ಮೊದಲೇ ಇರುತ್ತದೆ, ಆ ಉತ್ತರ ಬರುವವರೆಗೆ ಮಕ್ಕಳು ಗುಂಡನ್ನು ಮತ್ತೆ ಮತ್ತೆ ತೂಗಿ ಬಿಡುತ್ತಾರೆ. ನನ್ನ ಅಕ್ಕನ ರಕ್ತನಾಳಗಳಿಗೂ ಈ ಮನುಷ್ಯ ಅದನ್ನೇ ಮಾಡಿದ್ದರು. ಇಳಿದ ಅಂಕಿ ಆಸ್ಪತ್ರೆಗೆ ಹೋಯಿತು, ಏರಿದ ಅಂಕಿ ಅವಳ ಮೈಯಲ್ಲಿ ಉಳಿಯಿತು.

ಅಕ್ಕ ಹಾಸಿಗೆಯಿಂದ ಎದ್ದು ಕೂತಳು. "ಎಷ್ಟ ಸಲ ನೋಡ್ತಾರ, ಎಷ್ಟ ಕಾಳಜಿ ಅಂತ ತಿಳ್ಕೊಂಡಿದ್ದೆ ನಾ," ಎಂದಳು. ನಂತರ ಗಂಡನಿಗೆ, "ಕೈ ನಂದದ ರೀ. ನಿಮ್ಮ ಸಾಲಿ ಸಾಮಾನಲ್ಲ ಇದು. ಕೊಡ್ರಿ ಇಲ್ಲಿ."

ಭಾವ ಮಷಿನ್ ಕೊಟ್ಟರು. "ಮತ್ತ ಎಲ್ಲರ ಎದುರಿಗೆ ಬೈಸ್ಕೊಳ್ಳೋದು ನನಗ ಆಗಂಗಿಲ್ಲ ಶಾಂತಾ," ಎಂದರು. ಅವತ್ತು ಶಾಲೆಗೆ ಹೋಗಲಿಲ್ಲ.

ಮರುದಿನ ಮೂವರೂ ಬೀದರಿಗೆ ಹೋಗಿ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆವು. ಅವರು ಪೆನ್ನು ಕೆಳಗಿಟ್ಟರು.

"ಇಷ್ಟ ದಿನ ಮುಚ್ಚಿಟ್ಟಿದ್ರೇನು?"

"ಖರೇ ಅಂಕಿ ತಂದಾಗ ನೀವು ಏನಂದ್ರಿ, ನೆನಪದ ಏನ್ರಿ ಸರ?" ನಾನು ಕೇಳಿದೆ. "ಉಪ್ಪು ಬಿಟ್ಟಾಕಿಗಿ ಉಪ್ಪಿನಕಾಯಿ ಭರಣಿ ಅಂದ್ರಿ."

"ದಿನಾ ಎಷ್ಟ ಮಂದಿ ಬರ್ತಾರ ಗೊತ್ತದೇನಮ್ಮಾ? ಎಲ್ಲಾರ ಜೋಡಿ ಮೆತ್ತಗ ಮಾತಾಡ್ಲಿಕ್ಕಿ ಆಗಂಗಿಲ್ಲ."

"ಮೆತ್ತಗ ಬ್ಯಾಡ್ರಿ. ಬಾಗಿಲರ ಹಾಕ್ಕೊಂಡು ಬೈರಿ."

ಡಾಕ್ಟರು ಪೆನ್ನು ಎತ್ತಿಕೊಂಡರು. ಗುಳಿಗೆ ಬದಲಿಸಿದರು, ಇನ್ನೊಂದನ್ನು ಸೇರಿಸಿದರು. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ, ಎರಡನ್ನೂ ಬರೆಯಿರಿ, ಯಾವುದನ್ನೂ ಬಿಡಬೇಡಿ ಎಂದರು. ಈ ಮಾತಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಆಗಸ್ಟಿನಲ್ಲೇ ಹೇಳಬಹುದಿತ್ತು. ಬಿ.ಪಿ. ಹತೋಟಿಯಲ್ಲಿದ್ದಿದ್ದರೆ ಎಷ್ಟು ಕಿಡ್ನಿ ಉಳಿಯುತ್ತಿತ್ತು ಎಂದು ಕೇಳಿದೆ. ಹೇಳಲಾಗದು ಎಂದರು. ಅದು ನಿಜವೂ ಇರಬಹುದು. ನನ್ನ ಸಿಟ್ಟು ಅದರಿಂದ ಇಳಿದಿಲ್ಲ. ಭಾವನ ಮೇಲಿನದು ಸ್ವಲ್ಪ ಇಳಿದಿದೆ. ತೆರೆದ ಬಾಗಿಲಿನ ಮೇಲಿನದು ಹಾಗೇ ಇದೆ.

ಈಗ ಅಕ್ಕ ತಾನೇ ಪಟ್ಟಿ ಸುತ್ತಿಕೊಂಡು ಬಟನ್ ಒತ್ತುತ್ತಾಳೆ. ಅವಳು ಹೇಳಿದ್ದನ್ನು ಭಾವ ಹಾಗೆಯೇ ಬರೆದುಕೊಳ್ಳುತ್ತಾರೆ. ಮಾರ್ಚ್‌ನಲ್ಲಿ ಕ್ರಿಯಾಟಿನಿನ್ ಏರಲಿಲ್ಲ, ಇಳಿಯಲೂ ಇಲ್ಲ.

ಕಳೆದ ವಾರ ಅವಳ ಎಡಗೈಯಲ್ಲಿ ಫಿಸ್ಟುಲಾ ಮಾಡಿದರು. ಮುಂದೆ ಡಯಾಲಿಸಿಸ್ ಬೇಕಾದಾಗ ಸೂಜಿ ಹಾಕಲು ರಕ್ತನಾಳಗಳನ್ನು ಜೋಡಿಸುವ ಚಿಕ್ಕ ಆಪರೇಷನ್ ಅದು. ಆ ಕೈಗೆ ಇನ್ನು ಬಿ.ಪಿ. ಪಟ್ಟಿ ಸುತ್ತುವಂತಿಲ್ಲ. ಡಯಾಲಿಸಿಸ್ ಇನ್ನೂ ಶುರುವಾಗಿಲ್ಲ. ಇಂದು ಬೆಳಿಗ್ಗೆ ಬಲಗೈಯಲ್ಲಿ ಮೊದಲ ಸಲ 148/90, ಎರಡನೇ ಸಲ 144/88.