ನಮ್ಮ ಮನೆಗೆ ಬಂದ ಕೊರಿಂಥದ ಪತ್ರ

ನಮ್ಮ ಸಭೆ ಸೇರುವುದು ಹೆಗ್ಗನಹಳ್ಳಿಯ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲೆ, ಶೀಟ್ ಹಾಕಿದ ಹಾಲ್‌ನಲ್ಲಿ. ಬುಧವಾರ ಸಂಜೆ ಬೈಬಲ್ ಸ್ಟಡಿ. ಮೊದಲ ಕಾಲದ ಕ್ರೈಸ್ತ ಸಭೆಗಳಿಗೆ ಯೇಸುವಿನ ಅಪೊಸ್ತಲ ಬರೆದ, ಬೈಬಲ್‌ನಲ್ಲಿರುವ ಪತ್ರಗಳನ್ನು ಓದುವಾಗ ಪಾಸ್ಟರ್ ನಮಗೊಂದು ಅಭ್ಯಾಸ ಮಾಡಿಸಿದ್ದರು. ಊರಿನ ಹೆಸರು ಬಂದ ಕಡೆ ನಮ್ಮ ಏರಿಯಾದ ಹೆಸರು ಹಾಕಿಕೊಂಡು ಓದಬೇಕು. ಕೊರಿಂಥದ ಸಭೆಗೆ ಅಂತಿದ್ದರೆ ಹೆಗ್ಗನಹಳ್ಳಿಯ ಸಭೆಗೆ. ಅದನ್ನು ಮನೆಯಲ್ಲಿ ಹೇಗೆ ನಡೆಸಿದೆವು ಅಂತ ಭಾನುವಾರ ಎದ್ದು ನಿಂತು ಸಾಕ್ಷಿ ಹೇಳಬೇಕು.

ನನಗೆ ಈ ವಿದ್ಯೆ ಬಲು ಬೇಗ ಹತ್ತಿತು. ಪತ್ರದಲ್ಲಿ ಸಮಾಧಾನದ ಮಾತು ಬಂದರೆ ಅದು ನನಗೆ. ಬೈಗುಳ ಬಂದರೆ ಯಾರಿಗೆ ಅಂತ ಸುತ್ತ ಕಣ್ಣಾಡಿಸುತ್ತಿದ್ದೆ. ಚಾಡಿ ಹೇಳುವವರ ಬಗ್ಗೆ ಓದಿದ ದಿನ ಮುಂದಿನ ಸಾಲಿನ ಸಹೋದರಿಯ ಬೆನ್ನನ್ನೇ ದಿಟ್ಟಿಸುತ್ತಾ ಕೂತಿದ್ದೆ.

ಆಗ ನನ್ನ ತಮ್ಮ ನನ್ನ ಜೊತೆಗಿದ್ದ. ಪೀಣ್ಯದಲ್ಲಿ ಲೇತ್ ಕೆಲಸ. ಅವನ ಕುಡಿತಕ್ಕೆ ರೋಸಿಹೋಗಿ ಹೆಂಡತಿ ತವರು ಸೇರಿದ ಮೇಲೆ, ಒಂದು ಬ್ಯಾಗ್ ಹಿಡಿದು ನನ್ನ ಬಾಡಿಗೆ ಮನೆಗೆ ಬಂದಿದ್ದ. ನಾನು ಗಂಡ ಸತ್ತವಳು, ಮಕ್ಕಳಿಲ್ಲ. ಅವನು ಕುಡಿದು ಬಂದರೂ ಕೂಗಾಟ ಇರಲಿಲ್ಲ. ಇಬ್ಬರೂ ಚಾಪೆ ಹಾಕಿ ಎದುರುಬದುರು ಕೂತು ಉಣ್ಣುತ್ತಿದ್ದೆವು. ನನ್ನ ಮುದ್ದೆ ಯಾವತ್ತೂ ಗಂಟು ಅಂತ ಅವನು ರೇಗಿಸುತ್ತಿದ್ದ, ಆದರೆ ಎರಡನೆಯದನ್ನೂ ಹಾಕಿಸಿಕೊಳ್ಳುತ್ತಿದ್ದ.

ಒಂದು ಬುಧವಾರ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಐದನೇ ಅಧ್ಯಾಯ ಬಂತು. ಸಹೋದರ ಅನ್ನಿಸಿಕೊಂಡವನು ಕುಡುಕನಾದರೆ ಅವನ ಜೊತೆ ಊಟಕ್ಕೂ ಕೂರಬೇಡಿ ಅನ್ನುವ ಅರ್ಥದ ಮಾತು. ಸಭೆಯ ಹೊರಗಿನವರಿಗೆ ಈ ಕಟ್ಟಳೆ ಇಲ್ಲ. ಮನೆ ಓನರ್ ಕುಡಿಯುತ್ತಿದ್ದರು, ಅವರ ಮನೆಯಲ್ಲಿ ನಾನು ಉಣ್ಣಬಹುದಿತ್ತು. ಆದರೆ ನನ್ನ ತಮ್ಮ ನನ್ನ ಜೊತೆ ಒಂದೇ ದಿನ, ಒಂದೇ ತೊಟ್ಟಿಯಲ್ಲಿ ದೀಕ್ಷಾಸ್ನಾನ ಪಡೆದು ಸಭೆ ಸೇರಿದವನು. ಆ ಸ್ನಾನವೇ ಅವನಿಗೆ ಮುಳುವಾಯಿತು.

ಅವತ್ತೇ ಅವನ ತಟ್ಟೆಯನ್ನು ಅಡುಗೆಮನೆ ಬಾಗಿಲ ಪಕ್ಕ ಇಟ್ಟೆ, ನನ್ನದನ್ನು ಚಾಪೆಯ ಮೇಲೆ. ಬೈಬಲ್ ತೆರೆದು ವಚನ ತೋರಿಸಿದೆ. ಅವನು ಬೆರಳಿಟ್ಟು ಎರಡು ಸಲ ಓದಿದ.

“ಎಷ್ಟು ದಿನ ಅಕ್ಕಾ?” ಅಂದ.

ಬಿಡುವ ತನಕ ಅಂದೆ. ತಲೆಯಾಡಿಸಿ ಬಾಗಿಲ ಪಕ್ಕ ಹೋಗಿ ಗೋಡೆ ಕಡೆ ತಿರುಗಿ ಕೂತ. ಮುದ್ದೆಯ ಬಗ್ಗೆ ಏನೂ ಹೇಳಲಿಲ್ಲ.

ಭಾನುವಾರ ಸಾಕ್ಷಿ ಹೇಳಿದೆ. ಹಾಲ್ ತುಂಬ ಸ್ತೋತ್ರ, ಸ್ತೋತ್ರ ಅಂದರು. ಪಾಸ್ಟರ್ ಮಾತ್ರ ಅನ್ನಲಿಲ್ಲ. ಆಮೇಲೆ ಮೆಟ್ಟಿಲ ಹತ್ತಿರ, ಅವಸರ ಬೇಡ ಸಹೋದರಿ, ಪತ್ರ ಇನ್ನೂ ಮುಗಿದಿಲ್ಲ ಅಂದರು. ಪಾಸ್ಟರಿಗಿಂತ ನನ್ನ ಭಕ್ತಿ ಒಂದು ಕೈ ಮೇಲೆ ಅನ್ನುವ ಕೊಬ್ಬಿನಲ್ಲಿ ಕೆಳಗಿಳಿದೆ. ಅಷ್ಟರಲ್ಲಿ ಕ್ರಿಸ್‌ಮಸ್ ಓಡಾಟ ಶುರುವಾಗಿ ಬುಧವಾರದ ಓದು ನಿಂತಿತು. ಕೊರಿಂಥದವರಿಗೆ ಬರೆದ ಎರಡನೇ ಪತ್ರ ನನ್ನ ಕೈಯಲ್ಲಿದ್ದ ಪುಸ್ತಕದಲ್ಲೇ ಇತ್ತು. ಕೆಲವು ಹಾಳೆ ತಿರುಗಿಸಿದ್ದರೆ ಸಾಕಿತ್ತು.

ಈಸ್ಟರ್‌ಗೆ ಮುಂಚಿನ ಉಪವಾಸ ಕಾಲದಲ್ಲಿ ಅವನು ಒಂದು ತಿಂಗಳು ಕುಡಿಯಲಿಲ್ಲ. ಕೆಲಸದಿಂದ ಬಂದು, ಮುಖ ತೊಳೆದು, ನಾನು ಚಾಪೆ ಹಾಸುವಾಗ ಸುಮ್ಮನೆ ನಿಂತಿರುತ್ತಿದ್ದ. ಏನು ಕೇಳುತ್ತಿದ್ದಾನೆ ಅಂತ ನನಗೆ ಗೊತ್ತಿತ್ತು. ಇನ್ನೊಂದು ತಿಂಗಳು ನೋಡೋಣ, ಎಷ್ಟು ಸಲ ಹೀಗೆ ಬಿಟ್ಟು ಹಿಡಿದಿಲ್ಲ ಅಂದುಕೊಂಡೆ. ಇದೊಂದನ್ನು ನಾನು ನನಗೆ ಕ್ಷಮಿಸಿಕೊಂಡಿಲ್ಲ. ಐದನೇ ವಾರ ಕುಡಿದು ಬಂದ. ನಾನು ಹೇಳುವ ಮೊದಲೇ ಬಾಗಿಲ ಪಕ್ಕ ಕೂತ.

ಮಳೆಗಾಲದ ಹೊತ್ತಿಗೆ ಅವನ ಕಣ್ಣು ಹಳದಿಯಾಗಿತ್ತು. ಡಾಕ್ಟರು ಲಿವರ್ ಹೋಗಿದೆ ಅಂದರು. ಅದೇ ತಿಂಗಳು, ಮತ್ತೆ ಶುರುವಾಗಿದ್ದ ಬುಧವಾರದ ಓದು ಎರಡನೇ ಪತ್ರಕ್ಕೆ ಬಂತು. ಸಭೆ ದೂರವಿಟ್ಟ ಒಬ್ಬನ ಬಗ್ಗೆ ಅಪೊಸ್ತಲ ಮತ್ತೆ ಬರೆಯುತ್ತಾನೆ. ಆದ ಶಿಕ್ಷೆ ಸಾಕು, ಈಗ ಕ್ಷಮಿಸಿ ಸಂತೈಸಿ, ಇಲ್ಲದಿದ್ದರೆ ದುಃಖ ಅವನನ್ನು ನುಂಗಿಬಿಡುತ್ತದೆ ಅನ್ನುತ್ತಾನೆ. ಮೊದಲ ಪತ್ರದ ಅದೇ ಐದನೇ ಅಧ್ಯಾಯದಲ್ಲಿ ಸಭೆಯಿಂದ ಹೊರಗಿಡಿ ಅಂದಿದ್ದು ಇವನನ್ನೇ ಅಂತ ಬಹಳ ಜನ ನಂಬುತ್ತಾರೆ ಅಂದರು ಪಾಸ್ಟರ್. ನನ್ನ ಕಡೆ ನೋಡಲಿಲ್ಲ. ನಾನು ಮುಗಿಯುವ ತನಕ ಕೂರಲಾಗದೆ ಎದ್ದು ಮನೆಗೆ ಬಂದೆ.

ಚಾಪೆಯ ಮೇಲೆ ಎರಡು ತಟ್ಟೆ ಇಟ್ಟು ಅವನನ್ನು ಕರೆದೆ. ಅವನು ತನ್ನ ತಟ್ಟೆ ಎತ್ತಿಕೊಂಡು ಬಾಗಿಲ ಕಡೆ ಹೊರಟ. ಕೈ ಹಿಡಿದು ನಿಲ್ಲಿಸಿ, ಅಳುತ್ತಾ ಎರಡನೇ ಪತ್ರ ಓದಿದೆ. ಪೂರ್ತಿ ಕೇಳಿಸಿಕೊಂಡ.

“ಅದು ಅವನಿಗೆ ಬರ್ದಿದ್ದು ಅಕ್ಕಾ,” ಅಂದ. “ಅವನು ತಿದ್ಕೊಂಡಿದ್ದ. ನಾನು ನಿನ್ನೇನೂ ಕುಡ್ದೆ. ನೀನು ದೇವರ ಮುಂದೆ ನಿಂತು ಸಾಕ್ಷಿ ಹೇಳಿದ್ದೀಯ, ನನ್ನಿಂದ ನಿಂಗ್ಯಾಕೆ ಪಾಪ.”

ಸಿಟ್ಟಿರಲಿಲ್ಲ ಅವನಿಗೆ. ಸಿಟ್ಟು ಮಾಡಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ. ನಾನು ಕಲಿಸಿದ್ದನ್ನು ಅವನು ನಿಜವಾಗಿ ನಂಬಿದ್ದ.

ಇನ್ನೂ ಐದು ತಿಂಗಳು ಬದುಕಿದ. ನಾನು ತಟ್ಟೆ ಹಿಡಿದು ಅವನ ಪಕ್ಕ ಹೋಗಿ ಕೂತರೆ, ಅರ್ಧಕ್ಕೇ ಕೈ ತೊಳೆದು ಎದ್ದುಬಿಡುತ್ತಿದ್ದ. ಅವನ ಮೈಯಲ್ಲಿ ಏನೂ ಉಳಿದಿರಲಿಲ್ಲ. ಎರಡು ತುತ್ತು ಹೆಚ್ಚು ತಿನ್ನಲಿ ಅಂತ, ಕೊನೆಯ ತನಕ ನಾನು ದೂರವೇ ಕೂತು ಉಂಡೆ.