ಉಕ್ಕು, ಅಲ್ಯುಮಿನಿಯಂ ನಡುವೆ ಬಿಟ್ಟ ಸಂದು

ಊಟ ಸರಿಯಾಗಿ ಒಂದು ಗಂಟೆಗೆ. ವಸತಿ ಶಾಲೆಯ ಗಂಟೆ ಕಲಿಸಿದ ಈ ಪಾಠವನ್ನು ನಾನು ಎಲ್ಲಿಯೂ ಬಿಟ್ಟವನಲ್ಲ. ಎಪ್ಪತ್ತರ ದಶಕದಲ್ಲಿ ಶಹಾಬಾದಿನ ಒಂದು ಕಾರ್ಖಾನೆಯ ಪರೀಕ್ಷಾ ಕೋಣೆಗೆ ಸೇರಿದೆ. ವಾಡಿಯಿಂದ ಬರುವ ಪ್ಯಾಸೆಂಜರ್ ರೈಲು ಎಷ್ಟೋ ಸಲ ತಡವಾಗುತ್ತಿತ್ತು, ನನ್ನ ಬುತ್ತಿ ಬಿಚ್ಚುವುದು ಒಮ್ಮೆಯೂ ತಡವಾಗಿರಲಿಲ್ಲ. ಆ ಶಿಸ್ತಿನಿಂದಾಗಿಯೇ ಒಬ್ಬ ಮೇಸ್ತ್ರಿಗೆ ಸಿಗಬೇಕಿದ್ದ ನೌಕರಿ ಕೈತಪ್ಪಿ ಹೋಗುವುದರಲ್ಲಿತ್ತು.

ನಮಗೆ ಬಂದ ಕೆಲಸ ವಿಚಿತ್ರವಾಗಿತ್ತು. ಉಕ್ಕಿನ ಹಲಗೆಯ ಮೇಲೆ ಅಲ್ಯುಮಿನಿಯಂ ಹಲಗೆಯನ್ನು ಬೆಸೆಯಬೇಕು. ಬೆಂಕಿಯಲ್ಲಿ ಕಾಯಿಸಿ ಬೆಸೆದರೆ ಇವೆರಡರ ಕೂಡಿಕೆ ಗಾಜಿನಂತೆ ಪುಡಿಯಾಗುತ್ತದೆ. ಹಾಗಾಗಿ ಸ್ಫೋಟದಿಂದ ಬೆಸೆಯುವುದು ಎಂದಾಯಿತು. ಅಲ್ಯುಮಿನಿಯಂ ಮೇಲೆ ಮದ್ದು ಹರಡಿ ಹಾರಿಸಿದರೆ ಅದು ಕೆಳಗಿನ ಉಕ್ಕಿಗೆ ಅಪ್ಪಳಿಸಿ, ಕಣ್ಣು ಮಿಟುಕಿಸುವುದರೊಳಗೆ ಕಚ್ಚಿಕೊಳ್ಳುತ್ತದೆ. ಜಾಗಕ್ಕೆ ಬರವಿರಲಿಲ್ಲ. ರಾವೂರಿನ ಹತ್ತಿರ ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಯೊಂದು ಸಿಕ್ಕಿತು. ಮದ್ದು ಹಾರಿಸಲು ಪರವಾನಗಿ ಇದ್ದವರು ಬಂದರು. ಹಲಗೆಗಳನ್ನು ಮಟ್ಟಸವಾಗಿ ಕೂರಿಸಲು ನೆಲಕ್ಕೆ ಫರಸಿ ಕಲ್ಲು ಹಾಸುವ ಮೇಸ್ತ್ರಿಯೊಬ್ಬರನ್ನು ಕರೆತಂದೆವು.

ಐವತ್ತು ದಾಟಿದ ಅವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಅವರು ಹಾಸಿದ ನೆಲದಲ್ಲಿ ಕಲ್ಲು ಕಲ್ಲಿನ ನಡುವೆ ಸೂಜಿಯೂ ಇಳಿಯುತ್ತಿರಲಿಲ್ಲ. ಕೆಲಸ ಗೆದ್ದರೆ ಅವರನ್ನು ಕಾಯಂ ಮಾಡುವುದಾಗಿ ಮೈಸೂರು ಕಡೆಯ ನಮ್ಮ ದೊಡ್ಡ ಸಾಹೇಬರು ಮಾತು ಕೊಟ್ಟಿದ್ದರು. ಸೋತರೆ ಮತ್ತೆ ಬಿಸಿಲಲ್ಲಿ ಖಣಿ ಇಳಿಯಬೇಕು, ನೋಯುವ ಮೊಣಕಾಲು ಹೊತ್ತುಕೊಂಡು. ನಮ್ಮ ಬಳಿ ಇದ್ದದ್ದು ಎರಡೇ ಜೊತೆ ಹಲಗೆ.

ಮೊದಲ ದಿನ ಹದಿನಾಲ್ಕು ಅಂಶಗಳ ಪಟ್ಟಿ ಬರೆದುಕೊಂಡು ಹೋದೆ. ಎರಡು ಹಲಗೆಗಳ ನಡುವೆ ಸಣ್ಣ ಸಂದು ಉಳಿಯಲೆಂದು ನಾಲ್ಕು ಮೂಲೆಗೆ ನಾಲ್ಕು ಅಲ್ಯುಮಿನಿಯಂ ಚೂರು ಇಟ್ಟೆ. ಅಳೆದೆ. ಪಟ್ಟಿಯಲ್ಲಿ ಗೀಟು ಹಾಕಿದೆ. ಗಂಟೆ ಒಂದಾಯಿತು, ನೆರಳಿಗೆ ಹೋಗಿ ರೊಟ್ಟಿ, ಪುಂಡಿಪಲ್ಯ ಮುಗಿಸಿದೆ. ಮರಳಿ ಬಂದಾಗ ಮೇಲೆ ಮದ್ದು ಹರಡಲು ಶುರು ಮಾಡಿದ್ದರು. ಗೀಟು ಬಿದ್ದ ಮೇಲೆ ಮತ್ತೇನು ನೋಡುವುದು?

ಸದ್ದು ಚೆನ್ನಾಗಿಯೇ ಬಂತು. ಬೆಸುಗೆ ಬರಲಿಲ್ಲ. ಕೂಡಿಕೆಗೆ ಚಾಣ ಇಟ್ಟು ಸುತ್ತಿಗೆಯಿಂದ ಒಂದೇ ಏಟು ಕೊಟ್ಟೆ, ಅಲ್ಯುಮಿನಿಯಂ ಎದ್ದು ನಿಂತಿತು.

"ಇದೇನ್ರೀ, ಹಪ್ಪಳ ಎದ್ದ ಹಾಗೆ ಎದ್ದಿತಲ್ಲ!" ಎಂದರು ಸಾಹೇಬರು. "ಮದ್ದು ಕಮ್ಮಿಯಾಯ್ತಾ? ಹಲಗೆ ಸರಿಯಾಗಿ ಕೂತಿರಲಿಲ್ವಾ?"

ಚಾಚಾಗೆ ರೋಷ ಬಂತು. "ಕೂತಿಲ್ಲ ಅನ್ನಬ್ಯಾಡ್ರಿ ಸಾಹೇಬ್ರ! ಹಲಗಿ ಗಾಳ್ಯಾಗ ನಿಂತಿತ್ತು. ಇವ್ರು ಊಟಕ್ಕ ಹೋದಾಗ ನೋಡ್ದೆ, ಸಂದಿನ್ಯಾಗ ನಾಕು ಚೂರು ಕಸ. ತೆಗದು ಒಳ್ಳೆ ಬಂದೋಬಸ್ತ್ ಕುಂದ್ರಿಸೀನಿ." ಅಂಗಿಯ ಕಿಸೆಯಿಂದ ನಾಲ್ಕೂ ಚೂರು ತೆಗೆದು ಅಂಗೈ ಮೇಲಿಟ್ಟರು. "ಇಲ್ಲೇ ಅವ, ನೋಡ್ರಿ."

ಸಾಹೇಬರು ನನ್ನ ಪಟ್ಟಿ ನೋಡಿದರು, ಆಮೇಲೆ ನನ್ನನ್ನು. ಸಂದು ಬಿಡುವುದು ಏಕೆಂದು ನಾನು ಚಾಚಾಗೆ ಹೇಳಿಯೇ ಇರಲಿಲ್ಲ. ಊಟದ ನಂತರ ಮತ್ತೊಮ್ಮೆ ನೋಡಿಯೂ ಇರಲಿಲ್ಲ. ಎರಡನ್ನೂ ಒಪ್ಪಿಕೊಂಡೆ. "ಉಳಿದಿರೋದು ಒಂದೇ ಜೊತೆ. ಅದೂ ಎದ್ದರೆ ಈ ಕೆಲಸ ಮುಚ್ಚಿಬಿಡೋಣ, ಮೇಸ್ತ್ರಿಯವರು ಖಣಿಗೆ ಹೋಗಲಿ" ಎಂದು ಸಾಹೇಬರು ಜೀಪು ಹತ್ತಿದರು.

ಚಾಚಾ ಚೂರುಗಳನ್ನು ಹಿಡಿದುಕೊಂಡೇ ಕಲ್ಲಿನ ಮೇಲೆ ಕೂತರು. ನಾನು ನನ್ನೆರಡು ಅಂಗೈಗಳನ್ನು ಜೋಡಿಸಿ ತೋರಿಸಿದೆ.

"ಚಾಚಾ, ಹಿಂಗ ಹಚ್ಚಿ ಇಟ್ರ ಚಪ್ಪಾಳಿ ಬರ್ತದೇನು? ಸ್ವಲ್ಪ ದೂರ ಇದ್ರನ ಜೋರ್ ಬರ್ತದ. ಆ ಜೋರಿಗೆ ಮೈಮ್ಯಾಲಿನ ಹೊಲಸೆಲ್ಲಾ ಹಾರಿ ಹೋಗಿ ಎರಡೂ ಕಚ್ಚಿಕೊಳ್ತಾವ."

"ಅಂದ್ರ ಹೊಡದಾಡ್ಲಿಕ್ಕ ಜಾಗಾ ಬೇಕು."

"ಹಾಂ. ಹೊಡದಾಡೇ ಕೂಡಬೇಕು."

"ಮೊದ್ಲೇ ಹೇಳಬೇಕಿಲ್ಲೇನ್ರಿ! ನಮ್ಮ ಮನ್ಯಾಗ ಮೂವತ್ತು ವರ್ಷದಿಂದ ಇದೇ ನಡದದ."

ಮುಂದಿನ ವಾರ ಎರಡನೆಯ ಜೊತೆ. ಸಂದು ಬಿಟ್ಟ ಹಲಗೆಯ ಪಕ್ಕದಲ್ಲಿ ಚಾಚಾ ಕೊಡೆ ಬಿಡಿಸಿಕೊಂಡು ಕಾವಲು ಕೂತರು. ಒಂದು ಗಂಟೆಯಾಯಿತು.

"ಹೋಗ್ರಿ ಸಾಹೇಬ್ರ, ಊಟಾ ಮಾಡಿ ಬರ್ರಿ. ನಾ ಇಲ್ಲೇ ಇರ್ತೀನಿ."

"ನೀವು ಇರ್ತೀರಿ ಅಂತನ ಹೋಗವಲ್ಲೆ."

ಚಾಚಾ ಹೊಟ್ಟೆ ಹಿಡಿದು ನಕ್ಕರು. ಅಂದು ಮದ್ದು ಹಾರಿಸುವ ಮುನ್ನ ಮತ್ತೊಮ್ಮೆ ಸಂದು ಅಳೆದು, ಅದರ ಮುಂದೆ ಎರಡನೇ ಗೀಟು ಹಾಕಿದೆ. ಮದ್ದು ಹಾರಿ ಮುಗಿದು ಬುತ್ತಿ ಬಿಚ್ಚಿದಾಗ ಎರಡೂವರೆ. ಪುಂಡಿಪಲ್ಯ ಸ್ವಲ್ಪ ಹುಳಿಯಾಗಿತ್ತು, ಇಬ್ಬರೂ ಹಂಚಿಕೊಂಡು ತಿಂದೆವು.

ಈ ಸಲ ಚಾಣಕ್ಕೆ ಹಲಗೆ ಬಗ್ಗಲಿಲ್ಲ. ಚಾಚಾ ಫರಸಿ ನೋಡುವವರಂತೆ ಬೆರಳ ಗೆಣ್ಣಿನಿಂದ ಬಡಿಯುತ್ತ, ಪೊಳ್ಳು ಸದ್ದು ಬಂದ ಅಂಚಿಗೆ ಸುಣ್ಣದ ಗೆರೆ ಎಳೆದರು. ಆ ಅಂಚು ಕತ್ತರಿಸಿ ತೆಗೆದು, ಉಳಿದದ್ದರಲ್ಲಿ ಪರೀಕ್ಷೆಗೆಂದು ಲೋಹದ ಪಟ್ಟಿಗಳನ್ನು ಕೊಯ್ದೆ. ಕೊಯ್ದ ಕಡೆ ಉಜ್ಜಿ ಹೊಳಪು ಕೊಟ್ಟಾಗ ಉಕ್ಕು, ಅಲ್ಯುಮಿನಿಯಂ ನಡುವೆ ಕೆರೆಯ ಸಣ್ಣ ತೆರೆಗಳಂಥ ಸಾಲು ಕಂಡಿತು.

ಒಂದು ಪಟ್ಟಿಯನ್ನು ಯಂತ್ರದಲ್ಲಿ ಎಳೆದು ನೋಡಿದ್ದಾಯಿತು, ಗೆದ್ದಿತು. ಉಳಿದದ್ದು ದಣಿವಿನ ಪರೀಕ್ಷೆ. ಒಂದು ದೊಡ್ಡ ಏಟು ತಾಳಿದ ಲೋಹವೂ ಸಣ್ಣ ಸಣ್ಣ ಬಾಗುಗಳಿಗೆ ದಣಿದು ಮುರಿಯುವುದುಂಟು. ಯಂತ್ರ ಪಟ್ಟಿಯನ್ನು ಬಿಡದೆ ಅತ್ತಿತ್ತ ಬಾಗಿಸುತ್ತದೆ, ಮೀಟರು ಎಣಿಸುತ್ತದೆ. ಅಲ್ಯುಮಿನಿಯಂ ಎಂದಾದರೂ ಸೀಳಲೇಬೇಕು. ಅದಕ್ಕಿಂತ ಮೊದಲು ಕೂಡಿಕೆ ಬಿಟ್ಟರೆ ನಾವು ಸೋತಂತೆ.

ಚಾಚಾ ದಿನವೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು: "ದಣೀತೇನ್ರಿ?"

"ಇನ್ನೂ ಇಲ್ಲ."

"ನನಗ ನೋಡೇ ದಣಿವಾಗ್ಲಿಕತ್ತದ."

ಮೂರನೆಯ ದಿನ ಮಧ್ಯಾಹ್ನ ಯಂತ್ರ ತಾನಾಗಿ ನಿಂತಿತು. ಭೂತಗನ್ನಡಿ ಹಿಡಿದು ನೋಡಿದೆ. ಅಲ್ಯುಮಿನಿಯಂ ಮೇಲ್ಮೈಯಲ್ಲಿ ಹುಟ್ಟಿದ ಸೀಳು ನೇರ ಕೆಳಗಿಳಿದು, ಆ ತೆರೆಗಳ ಸಾಲಿನ ಬಳಿ ನಿಂತಿತ್ತು. ಕೂಡಿಕೆ ಎಲ್ಲಿಯೂ ಬಾಯಿ ಬಿಟ್ಟಿರಲಿಲ್ಲ. ಸಾಹೇಬರೂ ಬಂದು ಭೂತಗನ್ನಡಿಯಲ್ಲಿ ನೋಡಿದರು. "ನಾಳೆ ಮೇಸ್ತ್ರಿಯವರ ಕಾಗದ ಮಾಡಿಸಿ" ಎಂದಷ್ಟೇ ಹೇಳಿ ಹೊರಟರು.

ಕಾಯಂ ಆದ ಮೇಲೆ ಚಾಚಾ ಮಾಡಿದ ಮೊದಲ ಕೆಲಸ ನಮ್ಮ ಪರೀಕ್ಷಾ ಕೋಣೆಗೆ ಫರಸಿ ಹಾಸಿದ್ದು. ಮೊದಲ ಕಲ್ಲು ಕೂರಿಸಿ, ಎರಡನೆಯದನ್ನು ಕೈಯಲ್ಲಿ ಹಿಡಿದುಕೊಂಡು ಗಂಭೀರವಾಗಿ ನನ್ನತ್ತ ತಿರುಗಿದರು.

"ಸಾಹೇಬ್ರ, ಇಲ್ಲಿ ಸಂದು ಬಿಡ್ಲೋ, ಬ್ಯಾಡೋ? ಊಟಕ್ಕ ಹೋಗೂದ್ರೊಳಗ ಹೇಳಿ ಹೋಗ್ರಿ."

ಗಡಿಯಾರ ನೋಡಿದೆ. ಒಂದಕ್ಕೆ ಐದು ನಿಮಿಷ ಇತ್ತು. ಹೇಳಿಯೇ ಹೋದೆ.